ಶ್ರುತಿ, ಅಂಬಿಕಾ, ಅನುಶ್ರೀ

ಶ್ರುತಿ, ಅಂಬಿಕಾ, ಅನುಶ್ರೀ. ಈ ಮೂರು ಹೆಸರು ಒಟ್ಟಿಗೆ ಕೇಳಿದರೆ ನಮಗೆ ನೆನಪಾಗಬೇಕಾದದ್ದು ಯಾವುದೋ ಕನ್ಯಾ ಶಾಲೆಯ ಹಾಜರಿ ಪುಸ್ತಕ. ಆದರೆ ಇವು ಮೂರೂ ಯಂತ್ರಗಳು. ಫ್ರಾನ್ಸಿನಲ್ಲಿ ಹುಟ್ಟಿದ ಸಿಂಥಸೈಜರ್‌ಗಳು. ಇವನ್ನು ರೂಪಿಸಿದಾಕೆ ಎಮಿಲಿ ಜಿಲೆ. ‘ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್’ ಎಂಬ ತನ್ನ ಪುಟ್ಟ ಸಂಸ್ಥೆಯಿಂದ ಆಕೆ 2010ರಲ್ಲಿ ಮೊದಲು ಹೊರತಂದದ್ದು ‘ಶ್ರುತಿ-1’. ಎರಡು ವರ್ಷದ ಮೇಲೆ ಅಂಬಿಕಾ, ಅನುಶ್ರೀ ಬಂದರು. ಅದಕ್ಕೂ ಮೊದಲು ಆಕೆ ಅಂಗೈಯಲ್ಲಿ ಹಿಡಿಯುವ ಪಾಮ್ ಕಂಪ್ಯೂಟರಿಗಾಗಿ ಬರೆದ ಸಂಗೀತದ ಪ್ರೋಗ್ರಾಮಿನ ಹೆಸರಂತೂ ‘ಭಾಜೀಸ್ ಲೂಪ್ಸ್’! ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಮಳೆಗಾಲದ ಸಂಜೆಯ ಮಿರ್ಚಿ ಭಜಿ.

ಹೆಸರು ಯಾರು ಬೇಕಾದರೂ ಇಡಬಹುದು. ಸಂಸ್ಕೃತದ ಶಬ್ದವೊಂದನ್ನು ಅಂಟಿಸಿ ಅಗರಬತ್ತಿಯಿಂದ ಹಿಡಿದು ಆಸನದ ಚಾಪೆಯವರೆಗೆ ಮಾರುವುದನ್ನು ನಾವು ಸಾಕಷ್ಟು ನೋಡಿದ್ದೇವೆ. ಹೀಗಾಗಿ ಈ ಯಂತ್ರಗಳ ಬಗ್ಗೆ ನನಗೆ ಎರಡು ಪ್ರಶ್ನೆಗಳಿದ್ದವು. ಶ್ರುತಿ ಎಂದು ಕರೆಸಿಕೊಳ್ಳುವ ಈ ಯಂತ್ರಕ್ಕೆ ಶ್ರುತಿ ಎಷ್ಟು ಗೊತ್ತು? ‘ಅಗ್ಗ, ಮನೆಯಲ್ಲೇ ಮಾಡಿಕೊಳ್ಳಬಹುದು’ ಎಂದು ಇದನ್ನು ಮೆಚ್ಚುವವರು ಹೇಳುತ್ತಾರಲ್ಲ, ಆ ‘ಮನೆ’ಯಲ್ಲಿ ನಮ್ಮಂಥ ಹೆಂಗಸರೂ ಇದ್ದಾರೆಯೆ?

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ಕ್ಯಾಸಿಯೊ ಕೀಬೋರ್ಡು ಮನೆಮನೆಗೆ ಬಂದ ಕಾಲ ನಿಮಗೆ ನೆನಪಿರಬಹುದು. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು. ಕಂಪನಿಯವರು ತುಂಬಿಕೊಟ್ಟ ನಾದವನ್ನು ನಾವು ಬಡಿಸಿಕೊಳ್ಳುತ್ತಿದ್ದೆವು. ಅದು ಖಾನಾವಳಿಯ ಊಟವಾದರೆ ಸಿಂಥಸೈಜರ್ ಅಡಿಗೆಮನೆ. ಇದರಲ್ಲಿ ನಾದವನ್ನು ಮೊದಲಿನಿಂದ ಕಟ್ಟಬೇಕು. ಕಂಪನ ಹುಟ್ಟಿಸುವ ಭಾಗ ಆಸಿಲೇಟರ್. ಆ ಕಂಪನದಿಂದ ಬೇಡದ ಚೂಪನ್ನು ಸೋಸಿ ತೆಗೆಯುವುದು ಫಿಲ್ಟರ್. ನಾದ ಥಟ್ಟನೆ ಏಳಬೇಕೆ, ಮೆಲ್ಲಗೆ ಅರಳಬೇಕೆ, ಎಷ್ಟು ಹೊತ್ತು ನಿಂತು ಹೇಗೆ ಆರಬೇಕು ಎಂದು ಹೇಳುವ ಭಾಗ ಮತ್ತೊಂದು. ಇವೆಲ್ಲ ಒಂದೊಂದೂ ಬಿಡಿಯಾಗಿದ್ದು, ನುಡಿಸುವವರೇ ತಂತಿ ಚುಚ್ಚಿ ತಮಗೆ ಬೇಕಾದಂತೆ ಜೋಡಿಸಿಕೊಳ್ಳುವಂತಿದ್ದರೆ ಅದು ಮಾಡ್ಯುಲರ್ ಸಿಂಥಸೈಜರ್.

ಇಂಥ ಬಿಡಿಭಾಗಗಳಿಗೆ ಒಂದು ಅಳತೆ ಸಿಕ್ಕಿದ್ದು ಜರ್ಮನಿಯ ಡೀಟರ್ ಡೋಪ್ಫರ್ ಅವರಿಂದ, 1990ರ ದಶಕದ ನಡುವೆ. ಎತ್ತರ 128.5 ಮಿಲಿಮೀಟರ್, 12 ವೋಲ್ಟ್ ವಿದ್ಯುತ್ತು, 3.5 ಮಿಲಿಮೀಟರಿನ ಪಿನ್ನು. ಇಷ್ಟು ಪಾಲಿಸಿದರೆ ಯಾರು ಮಾಡಿದ ಭಾಗವಾದರೂ ಯಾರ ಪೆಟ್ಟಿಗೆಯಲ್ಲಾದರೂ ಕೂರುತ್ತದೆ. ಇದಕ್ಕೆ ಯುರೋರ್‍ಯಾಕ್ ಎಂಬ ಹೆಸರು ಬಂತು. ಒಂದು ಅಂಗಡಿಯ ಡಬ್ಬಿಗೆ ಇನ್ನೊಂದು ಅಂಗಡಿಯ ಮುಚ್ಚಳ ಹೊಂದಿದರೆ ಎಷ್ಟು ಅನುಕೂಲ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಅನಲಾಗ್, ಡಿಜಿಟಲ್ ಎಂಬ ಜಗಳ. ಅನಲಾಗ್ ಯಂತ್ರದಲ್ಲಿ ವಿದ್ಯುತ್ತಿನ ಏರಿಳಿತವೇ ನಾದದ ಏರಿಳಿತ. ಅದಕ್ಕೊಂದು ತುಂಬು ದನಿ ಇದೆ; ಆದರೆ ಹಳೆಯ ಯಂತ್ರಗಳು ಕೋಣೆ ಕಾದರೆ ಶ್ರುತಿ ತಪ್ಪುತ್ತಿದ್ದವು, ಬಿಸಿಲೇರಿದಂತೆ ತಂಬೂರಿ ಸರಿಯುವ ಹಾಗೆ. ಡಿಜಿಟಲ್ ಯಂತ್ರದಲ್ಲಿ ನಾದವೆಂದರೆ ಲೆಕ್ಕ. ಒಂದು ಚಿಪ್ಪು ಸೆಕೆಂಡಿಗೆ ಸಾವಿರಾರು ಸಲ ಅಂಕಿಗಳನ್ನು ಎಣಿಸಿ ಕಂಪನವನ್ನು ಬರೆಯುತ್ತದೆ. ಅದು ಶ್ರುತಿ ತಪ್ಪದು, ಅಗ್ಗವೂ ಹೌದು. ಆದರೆ ‘ಒಣಕಲು’ ಎಂದು ಅನಲಾಗ್ ಪಕ್ಷದವರ ತಕರಾರು. ಒರಳಿನ ಚಟ್ನಿ, ಮಿಕ್ಸರಿನ ಚಟ್ನಿಯ ವಾದದಷ್ಟೇ ಇದೂ ಬಗೆಹರಿಯದ ವಾದ.

ಶ್ರುತಿ-1 ಈ ಎರಡನ್ನೂ ಕೂಡಿಸುತ್ತದೆ. ಕಂಪನ ಹುಟ್ಟುವುದು ಎಂಟು ಬಿಟ್ಟಿನ ಸಣ್ಣ ಚಿಪ್ಪಿನ ಲೆಕ್ಕದಲ್ಲಿ. ಸೋಸುವುದು ನಿಜವಾದ ಅನಲಾಗ್ ಫಿಲ್ಟರಿನಲ್ಲಿ. ಎರಡಕ್ಕೂ ಬೇರೆ ಬೇರೆ ಹಲಗೆ. ಪೂರ್ತಿ ಮಾಡ್ಯುಲರ್ ಅಲ್ಲದಿದ್ದರೂ ಫಿಲ್ಟರಿನ ಹಲಗೆಯನ್ನು ಬದಲಿಸಿದರೆ ದನಿಯ ಗುಣವೇ ಬದಲಾಗುತ್ತದೆ. ಅಂಥ ಹಲಗೆಗಳಲ್ಲಿ ಒಂದು ಸೋವಿಯತ್ ಕಾಲದ ಪೋಲಿವೋಕ್ಸ್ ಎಂಬ ಸಿಂಥಸೈಜರಿನ ಫಿಲ್ಟರನ್ನು ಅನುಸರಿಸಿದ್ದು. ಪೋಲಿವೋಕ್ಸಿನ ಒಳಗನ್ನು ರಚಿಸಿದವರು ವ್ಲಾದಿಮಿರ್ ಕುಜ್ಮಿನ್. ಹೊರರೂಪವನ್ನು ಬಿಡಿಸಿದವರು ಅವರ ಹೆಂಡತಿ ಒಲಿಂಪಿಯಾದಾ.

ಈ ಕೂಡಿಕೆಯೇನೂ ಹೊಸದಲ್ಲ. 1970ರ ದಶಕದಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರಿನಿಂದ ಅನಲಾಗ್ ಯಂತ್ರಗಳನ್ನು ಆಳುವ ‘ಗ್ರೂವ್’ ಎಂಬ ಏರ್ಪಾಡಿತ್ತು. ಅದರಲ್ಲಿ ಸಂಗೀತ ರಚಿಸಿದವರಲ್ಲಿ ಲಾರೀ ಸ್ಪೀಗಲ್ ಎಂಬಾಕೆ ಮುಖ್ಯಳು. 1977ರಲ್ಲಿ ವಾಯೇಜರ್ ನೌಕೆ ಹೊತ್ತುಕೊಂಡು ಹೋದ ಚಿನ್ನದ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆಯೆಂದು ನಾವೆಲ್ಲ ಹೆಮ್ಮೆ ಪಡುತ್ತೇವೆ. ಕೆಪ್ಲರನ ಗ್ರಹಗತಿಯ ಲೆಕ್ಕವನ್ನು ಸ್ಪೀಗಲ್ ಕಂಪ್ಯೂಟರಿನಲ್ಲಿ ನಾದವಾಗಿಸಿದ್ದೂ ಅದೇ ತಟ್ಟೆಯಲ್ಲಿದೆ. ಆದರೆ ಆಗ ಆ ಬಗೆಯ ಯಂತ್ರವನ್ನು ಮುಟ್ಟಬೇಕಾದರೆ ಬೆಲ್ ಲ್ಯಾಬ್ಸ್‌ನಂಥ ಸಂಸ್ಥೆಯ ಬಾಗಿಲು ತೆರೆಯಬೇಕಿತ್ತು. ಈಗ ಆ ವಿಚಾರ ಒಂದು ಕೈಚೀಲದಲ್ಲಿ ಹಿಡಿಸುತ್ತದೆ.

ನಾನು ಶ್ರುತಿ-1ನ್ನು ಕೇಳಿದ್ದು ತಂಗಿಯ ಮಗಳ ದೆಸೆಯಿಂದ. ಎಂಜಿನಿಯರಿಂಗ್ ಓದುವ ಹುಡುಗಿ. ಕಿಟ್ಟಿನ ಮಾರಾಟ ನಿಂತು ಎಷ್ಟೋ ವರ್ಷವಾದರೂ ಅದರ ನಕ್ಷೆಗಳನ್ನು ಎಮಿಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾಳಲ್ಲ, ಅದನ್ನೇ ಹಿಡಿದು ಹಲಗೆ ಮಾಡಿಸಿಕೊಂಡು, ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳನ್ನು ಸುತ್ತಿ ಬಿಡಿಭಾಗ ಹೊಂದಿಸಿ, ರಜೆಯಲ್ಲಿ ನಮ್ಮ ಊಟದ ಮೇಜಿನ ಮೇಲೆ ಬೆಸುಗೆ ಹಾಕಿ ಮುಗಿಸಿದಳು. ಒಂದು ದಪ್ಪ ಪುಸ್ತಕದಷ್ಟು ಗಾತ್ರದ ಪೆಟ್ಟಿಗೆ. ಅದಕ್ಕೆ ಸ್ವರದ ಮನೆಗಳೇ ಇಲ್ಲ. ಬೇರೊಂದು ಕೀಬೋರ್ಡನ್ನು ಜೋಡಿಸಬೇಕು. ಎರಡೇ ಸಾಲಿನ ಪುಟ್ಟ ಪರದೆ, ಅದರ ಕೆಳಗೆ ನಾಲ್ಕು ತಿರುಗಿಸುವ ಗುಂಡಿ. ಹತ್ತಾರು ಸಂಗತಿಗಳನ್ನು ಆ ಕಿಂಡಿಯಲ್ಲೇ ಪುಟ ತಿರುವಿ ಹುಡುಕಬೇಕು. ಇದು ನನಗೆ ಹಿಡಿಸಲಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಕಣ್ಣು ಅಕ್ಷರ ಓದುತ್ತ ಕೂತರೆ ಕಿವಿಗೆ ಕೆಲಸವೇ ಇರುವುದಿಲ್ಲ.

ಆದರೆ ದನಿ? ದನಿ ಚೆನ್ನಾಗಿದೆ. ಹುಟ್ಟುವಾಗ ಸ್ವಲ್ಪ ಒರಟು, ಮರಳಿನಂಥ ಒಂದು ಕರಕರ ಇದೆ. ಫಿಲ್ಟರನ್ನು ಮೆಲ್ಲಗೆ ಮುಚ್ಚುತ್ತ ಬಂದರೆ ಆ ಕರಕರ ಕರಗಿ, ಬಾಯಿ ಮುಚ್ಚಿ ಗುಂಯ್‌ಗುಟ್ಟುವ ಮನುಷ್ಯರ ಖರ್ಜದ ಹಾಗೆ ದುಂಡಗಾಗುತ್ತದೆ. ಒರಟು ಲೆಕ್ಕದ ಕಡೆಯದು, ದುಂಡು ವಿದ್ಯುತ್ತಿನ ಕಡೆಯದು. ಒಂದಿಲ್ಲದೆ ಇನ್ನೊಂದಕ್ಕೆ ರುಚಿ ಬಾರದು. ಇದು ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತದೆ. ಪಾಶ್ಚಾತ್ಯರು ಇದನ್ನು ಕೊರತೆ ಎನ್ನಬಹುದು, ಅದಕ್ಕೇ ಅಂಬಿಕಾಗೆ ಆರು ಕಂಠಗಳವರೆಗೆ ಅವಕಾಶ ಕೊಟ್ಟರು. ಒಂದರ ಹಿಂದೆ ಒಂದು ಸ್ವರ ಪೋಣಿಸುವ ನಮ್ಮ ಸಂಗೀತಕ್ಕೆ ಅದು ಕೊರತೆಯೇ ಅಲ್ಲ.

ಆಮೇಲೆ ಹುಡುಗಿ ನನಗೊಂದು ಪಟ್ಟಿ ತೋರಿಸಿದಳು. “ನೋಡು ಮೌಶಿ, ಇದರಾಗ ರಾಗಾನೂ ಅವ!” ನಿಜವೇ. ಭೈರವ್, ಮಾರ್ವಾ, ಪೂರ್ವಿ, ಬಿಲಾವಲ್, ಯಮನ್, ಕಾಫಿ, ದರ್ಬಾರಿ, ಜೋಗೇಶ್ವರಿ... ಒಂದನ್ನು ಆರಿಸಿದರೆ ಯಂತ್ರ ತನ್ನ ಸ್ವರಸ್ಥಾನಗಳನ್ನು ಆ ರಾಗಕ್ಕೆ ತಕ್ಕಂತೆ ಅಷ್ಟಿಷ್ಟು ಸರಿಸಿಕೊಳ್ಳುತ್ತದೆ. ಪಾಶ್ಚಾತ್ಯ ಕೀಬೋರ್ಡಿನ ಹನ್ನೆರಡು ಸಮಪಾಲಿಗೆ ನಮ್ಮ ಸ್ವರಗಳು ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಎಮಿಲಿ ತಿಳಿದಿದ್ದಾಳೆ. ಅಷ್ಟಕ್ಕೆ ಮೆಚ್ಚಲೇಬೇಕು. ಎಷ್ಟೋ ದೊಡ್ಡ ಕಂಪನಿಗಳು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆದರೆ ರಾಗವೆಂದರೆ ಸ್ವರಗಳ ಪಟ್ಟಿಯೆ? ಮಾರ್ವಾ ತೆಗೆದುಕೊಳ್ಳಿ. ಕೋಮಲ ರಿಷಭ, ತೀವ್ರ ಮಧ್ಯಮ, ಉಳಿದವು ಶುದ್ಧ, ಪಂಚಮವಿಲ್ಲ. ಇದೇ ಸ್ವರಗಳು ಪೂರಿಯಾದಲ್ಲೂ ಇವೆ, ಸೋಹನಿಯಲ್ಲೂ ಇವೆ. ಪೂರಿಯಾ ಕೆಳಗೆ ಮಂದ್ರದಲ್ಲಿ ಮುಳುಗುತ್ತದೆ, ಸೋಹನಿ ಮೇಲಿನ ಷಡ್ಜದ ಸುತ್ತ ಮಿಂಚುತ್ತದೆ, ಮಾರ್ವಾ ರಿಷಭ ಧೈವತಗಳ ಮೇಲೆ ನಿಂತು ಷಡ್ಜವನ್ನು ಸತಾಯಿಸುತ್ತದೆ. ಯಂತ್ರದ ಪಾಲಿಗೆ ಮೂರೂ ಒಂದೇ. ದರ್ಬಾರಿ, ಅಡಾಣಾಗಳ ಪಾಡೂ ಅದೇ. ದರ್ಬಾರಿಯ ಗಾಂಧಾರ ನಿಂತಲ್ಲಿ ನಿಲ್ಲದೆ ಮೆಲ್ಲಗೆ ತೂಗಬೇಕು. ಶ್ರುತಿ-1ರಲ್ಲೂ ದನಿಯನ್ನು ತೂಗುವ ಭಾಗವಿದೆ. ಆದರೆ ಸುಮ್ಮನೆ ಬಿಟ್ಟರೆ ಅದು ಎಲ್ಲ ಸ್ವರಗಳನ್ನೂ ಒಂದೇ ಸಮನೆ ತೂಗುತ್ತದೆ, ಮಗು ಯಾವುದು ದೊಡ್ಡವರು ಯಾರು ಎಂದು ನೋಡದ ತೊಟ್ಟಿಲಿನ ಹಾಗೆ! ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಲೂ ಬರುತ್ತದೆ. ಆ ಜಾರುವಿಕೆಗೆ ಮೀಂಡಿನ ಬಳುಕು ಇಲ್ಲ. ಹೀಗಾಗಿ ನನ್ನ ಮೊದಲ ಪ್ರಶ್ನೆಗೆ ಉತ್ತರ: ಶ್ರುತಿಗೆ ಶ್ರುತಿ ಗೊತ್ತು, ರಾಗ ಗೊತ್ತಿಲ್ಲ. ಪಟ್ಟಿಗೆ ರಾಗ ಎಂದು ಹೆಸರಿಟ್ಟದ್ದು ಅತಿಯಾಯಿತು.

ಇದನ್ನೇ ಹುಡುಗಿಗೆ ಹೇಳಿದೆ. ಅವಳೇನೂ ಬೇಸರಪಡಲಿಲ್ಲ. “ಅದು ಬರೇ ಒಂದು ಕೋಷ್ಟಕ ಮೌಶಿ. ಗಾಂಧಾರ ಎಷ್ಟು ಇಳೀಬೇಕು ಹೇಳು, ಇಳಸ್ತೇನಿ” ಅಂದಳು.

ಈ ಮಾತಿನ ಮುಂದೆ ನನ್ನ ವಿಮರ್ಶೆ ಒಂದು ಕ್ಷಣ ನಿಂತುಬಿಟ್ಟಿತು. ನಲವತ್ತು ವರ್ಷ ತಂಬೂರಿ ಇಟ್ಟುಕೊಂಡು ಹಾಡಿದವಳು ನಾನು. ಜವಾರಿ ಕೆಟ್ಟರೆ ಮೀರಜಿಗೆ ಕಳಿಸುತ್ತಿದ್ದೆವು, ಅಲ್ಲಿಂದ ಸರಿಯಾಗಿ ಬರುತ್ತಿತ್ತು. ಕುದುರೆಯ ಮೇಲೆ ಏನು ಉಜ್ಜುತ್ತಾರೆ, ಎಷ್ಟು ಉಜ್ಜುತ್ತಾರೆ ಎಂದು ಕೇಳಬೇಕೆಂದು ನಮಗಾರಿಗೂ ಅನಿಸಿದ್ದೇ ಇಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಯನ್ನು ರೂಪಿಸಿ, ಜೊತೆಗೆ ತಂಬೂರಿ ಹಿಡಿಯುವವರಿಲ್ಲದೆಯೂ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ರಿಯಾಜು ಮಾಡಲು ದೊಡ್ಡ ಉಪಕಾರ ಮಾಡಿದರು. ಆದರೂ ವಾದ್ಯದ ಒಳಗು ಯಾವಾಗಲೂ ಇನ್ನೊಬ್ಬರದು, ಹೊರಗು ಮಾತ್ರ ನಮ್ಮದು. ‘ಎಷ್ಟು ಇಳಿಸಬೇಕು ಹೇಳು’ ಎಂದು ವಾದ್ಯ ಮಾಡಿದವರು ನನ್ನನ್ನು ಕೇಳಿದ್ದು ಅದೇ ಮೊದಲು. ಅವಳ ಕೈಗೆ ಬೆಸುಗೆ ಗೊತ್ತು, ನನ್ನ ಕಿವಿಗೆ ಗಾಂಧಾರ ಗೊತ್ತು. ಎಮಿಲಿ ನಕ್ಷೆಯನ್ನೂ ಪ್ರೋಗ್ರಾಮನ್ನೂ ತೆರೆದಿಡದಿದ್ದರೆ ಈ ಎರಡು ತಿಳಿವಳಿಕೆ ಒಂದು ಮೇಜಿನ ಮೇಲೆ ಕೂಡುತ್ತಿರಲಿಲ್ಲ.

ಎಮಿಲಿಯೂ ಪಟ್ಟಿಯಲ್ಲೇ ನಿಲ್ಲಲಿಲ್ಲ. ಆಕೆ ಮುಂದೆ ಯುರೋರ್‍ಯಾಕ್ ಬಿಡಿಭಾಗಗಳತ್ತ ಹೊರಳಿದಳು. ಮೊದಮೊದಲಿನ ‘ಬ್ರೇಡ್ಸ್’ನಲ್ಲಿ ಮತ್ತೆ ಅದೇ ರಾಗದ ಹೆಸರುಗಳಿವೆ. ಆದರೆ 2015ರ ‘ರಿಂಗ್ಸ್’ ಬೇರೆಯೇ ಮಾತು. ಸಿತಾರಿನಲ್ಲಿ ಮೀಟುವ ತಂತಿಗಳ ಕೆಳಗೆ, ಮೀಟದೆಯೇ ತಾವಾಗಿ ಮಿಡಿಯುವ ತರಫಿನ ತಂತಿಗಳಿರುತ್ತವಲ್ಲ, ಆ ಗುಣವನ್ನೇ ಅದರ ಒಂದು ಬಗೆಯಲ್ಲಿ ಲೆಕ್ಕಕ್ಕೆ ಇಳಿಸಿದ್ದಾಳೆ. ಒಂದು ಸದ್ದು ಒಳಗೆ ಬಂದರೆ ಅದಕ್ಕೆ ಹೊಂದುವ ತಂತಿಗಳು ಮಾತ್ರ ಅನುರಣಿಸುತ್ತವೆ. ಮುಂಬಾಗಿಲಲ್ಲಿ ನಮ್ಮ ಸಂಗೀತದ ಯಾವ ಹೆಸರೂ ಇಲ್ಲ. ಒಳಮನೆಯಲ್ಲಿ ನಮ್ಮ ವಾದ್ಯದ ಜೀವವೇ ಇದೆ. ಶ್ರುತಿಯಲ್ಲಿ ಹೆಸರಿತ್ತು, ರಿಂಗ್ಸ್‌ನಲ್ಲಿ ಅರ್ಥ ಬಂತು. ಪರದೇಶದವರು ನಮ್ಮಿಂದ ಏನನ್ನು ಪಡೆಯಬೇಕು, ಹೇಗೆ ಪಡೆಯಬೇಕು ಎಂಬುದಕ್ಕೆ ನನ್ನ ಕಣ್ಣಿಗೆ ಇದು ಒಳ್ಳೆಯ ಉದಾಹರಣೆ.

ಇನ್ನು ಎರಡನೆಯ ಪ್ರಶ್ನೆ. ಅಗ್ಗ ಎಂದರೇನು? ಇದನ್ನು ತಿಳಿಯಲು ಅಹಮದಾಬಾದಿನ ಕಥೆ ನೆನೆಯಬೇಕು. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಒಂದು ಮೂಗ್ ಮಾಡ್ಯುಲರ್ ಸಿಂಥಸೈಜರ್ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ಸ್ಥಾಪಿಸಿಕೊಟ್ಟರು. ಇದರ ಹಿಂದಿದ್ದ ಮುಖ್ಯ ಪ್ರೇರಣೆ ಗೀತಾ ಸಾರಾಭಾಯಿ, 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಗೆ ನಮ್ಮ ಸಂಗೀತವನ್ನು ಕಲಿಸಿ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತ ದಿಟ್ಟೆ. ಆಕೆಯೂ ಇನ್ನು ಕೆಲವರೂ ಆ ಯಂತ್ರದಲ್ಲಿ ರಚನೆಗಳನ್ನು ಮಾಡಿದರು. 1972ರ ಹೊತ್ತಿಗೆ ಆ ಉತ್ಸಾಹ ಆರಿತು. ಟೇಪುಗಳು ಗ್ರಂಥಾಲಯದಲ್ಲಿ ದಶಕಗಳ ಕಾಲ ಮಲಗಿದ್ದವು. ಪಾಲ್ ಪುರ್ಗಸ್ ಎಂಬ ಕಲಾವಿದರು ಅವನ್ನು ಹುಡುಕಿ ತೆಗೆದು, 2023ರಲ್ಲಿ ಅವು ಧ್ವನಿಮುದ್ರಿಕೆಯಾಗಿ ಬಂದ ಮೇಲೆಯೇ ನಾವು ಕೇಳಿದ್ದು. ಒಂದು ದೇಶದಲ್ಲಿ ಒಂದು ಯಂತ್ರ, ಅದೂ ಒಂದು ಸಂಸ್ಥೆಯ ಕೋಣೆಯಲ್ಲಿ. ಕೋಣೆಗೆ ಬೀಗ ಬಿದ್ದರೆ ಸಂಗೀತಕ್ಕೂ ಬೀಗ.

ಎಮಿಲಿಯ ಸಂಸ್ಥೆಯೂ 2022ರ ಕೊನೆಗೆ ಬಾಗಿಲು ಮುಚ್ಚಿತು. ಆದರೆ ಆಕೆಯ ಯಂತ್ರಗಳು ಮೂಕವಾಗಲಿಲ್ಲ. ನಕ್ಷೆ ತೆರೆದಿದೆ, ‘ಮಾಡಿಕೊಳ್ಳಿ, ತಿದ್ದಿಕೊಳ್ಳಿ, ನನ್ನ ಸಂಸ್ಥೆಯ ಹೆಸರು ಮಾತ್ರ ಹಾಕಬೇಡಿ’ ಎಂಬುದೂ ಒಂದು ಮುಖ್ಯ ಕರಾರು. ಊರೂರಿನಲ್ಲಿ ಜನ ಇಂದಿಗೂ ಅವನ್ನು ಕಟ್ಟುತ್ತಿದ್ದಾರೆ. ವಿಸಿವಿ ರ್‍ಯಾಕ್ ಎಂಬ ಉಚಿತ ಪ್ರೋಗ್ರಾಮು 2017ರಿಂದ ಇದೆ. ಅದರಲ್ಲಿ ಆಕೆಯ ಬಿಡಿಭಾಗಗಳೂ ಬೇರೆ ಹೆಸರಿನಲ್ಲಿ ಸಿಗುತ್ತವೆ. ಮನೆಯಲ್ಲೊಂದು ಕಂಪ್ಯೂಟರಿದ್ದರೆ ಪೈಸೆ ಖರ್ಚಿಲ್ಲದೆ ಆ ತಂತಿಗಳನ್ನು ಪರದೆಯ ಮೇಲೆ ಚುಚ್ಚಿ ನೋಡಬಹುದು. ಬೆಸುಗೆಯ ಹೊಗೆಯೂ ಬೇಡ.

ಅಗ್ಗದಲ್ಲೂ ಎರಡು ಬಗೆ ಇವೆ. ಎಮಿಲಿಯ 2018ರ ‘ಪ್ಲೇಟ್ಸ್’ ಎಂಬ ಭಾಗದ ತೆರೆದ ಪ್ರೋಗ್ರಾಮನ್ನೇ ಬಳಸಿ ಬೆರಿಂಗರ್ ಕಂಪನಿ ‘ಬ್ರೇನ್ಸ್’ ಎಂಬ ಅಗ್ಗದ ಭಾಗವನ್ನು ಮಾಡಿ ಮಾರಿತು. ಕಾನೂನಿನ ಪ್ರಕಾರ ತಪ್ಪೇನಿಲ್ಲ, ಕೊಳ್ಳುವವರಿಗೆ ಲಾಭವೇ. ಆದರೆ ಕಾರ್ಖಾನೆಯ ಅಗ್ಗದಲ್ಲಿ ಹಣ ಉಳಿಯುತ್ತದೆ. ಮನೆಯಲ್ಲಿ ಮಾಡಿದ ಅಗ್ಗದಲ್ಲಿ ವಿದ್ಯೆಯೂ ಕೈಗೆ ಬರುತ್ತದೆ. ಹಪ್ಪಳ ಅಂಗಡಿಯಿಂದ ತಂದರೂ ಹಪ್ಪಳವೇ. ಆದರೆ ಮುಂದಿನ ಬೇಸಿಗೆಗೆ ಹಿಟ್ಟಿನ ಹದ ಯಾರಿಗೆ ಗೊತ್ತಿರುತ್ತದೆ?

ಇಷ್ಟಾದರೂ ‘ಮನೆಯಲ್ಲೇ ಮಾಡಿಕೊಳ್ಳಬಹುದು’ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಬಿಡಿಭಾಗದ ಬೆಲೆಯ ಜೊತೆಗೆ ಬೆಸುಗೆಯ ಕಡ್ಡಿ, ಮೀಟರು, ಕೆಟ್ಟುಹೋದ ಹಲಗೆಗಳ ಲೆಕ್ಕವನ್ನೂ ಹಿಡಿಯಬೇಕು. ಎಲ್ಲಕ್ಕಿಂತ ದುಬಾರಿಯಾದದ್ದು ಯಾರೂ ಕರೆಯದ ನಾಲ್ಕು ತಾಸು. ತಂಗಿಯ ಮಗಳಿಗೆ ಅದು ರಜೆಯಲ್ಲಿ ಸಿಕ್ಕಿತು. ಅವಳ ತಾಯಿಗೆ ಸಿಕ್ಕಿಲ್ಲ, ನನಗೂ ಸಿಕ್ಕಿರಲಿಲ್ಲ. ಗಂಡಸರ ಹವ್ಯಾಸಕ್ಕೆ ಮನೆಯಲ್ಲೊಂದು ಮೂಲೆ ತಾನಾಗಿ ಹುಟ್ಟುತ್ತದೆ. ನಮ್ಮದು ಊಟದ ಮೇಜಿನ ಮೇಲೆ, ಊಟದ ಹೊತ್ತಿಗೆ ಎತ್ತಿಡಬೇಕಾದ ಹವ್ಯಾಸ. ಬ್ರಿಟನ್ನಿನ ಡಾಫ್ನಿ ಓರಮ್ ಬಿಬಿಸಿಯ ಧ್ವನಿಶಾಲೆಯನ್ನು 1958ರಲ್ಲಿ ಕಟ್ಟಲು ನೆರವಾಗಿ, ಮರುವರ್ಷವೇ ಬಿಟ್ಟು ಬಂದು, ಕೆಂಟ್ ಪ್ರಾಂತದ ತನ್ನ ಮನೆಯಲ್ಲಿ ಫಿಲ್ಮಿನ ಮೇಲೆ ಗೆರೆ ಬರೆದು ನಾದ ಹೊರಡಿಸುವ ಯಂತ್ರವನ್ನು ಮಾಡಿದಳು. ಅದಕ್ಕೆ ಮನೆ ಬೇಕಿತ್ತು, ತನ್ನದೇ ಆದ ಮನೆ. ಅಮೆರಿಕದ ಸುಝಾನ್ ಸಿಯಾನಿ ಬುಕ್ಲಾ ಸಿಂಥಸೈಜರನ್ನು ನುಡಿಸಿದ್ದಲ್ಲದೆ ಅದರ ಕಾರ್ಯಾಗಾರದಲ್ಲಿ ಬೆಸುಗೆಯನ್ನೂ ಹಾಕಿದವಳು. ಬೆಸುಗೆ ಹೆಣ್ಣಿನ ಕೈಗೆ ಹೊಸತಲ್ಲ. ನಮ್ಮ ನಾಡಿನ ಎಲೆಕ್ಟ್ರಾನಿಕ್ ಕಾರ್ಖಾನೆಗಳಲ್ಲಿ ಸಾಲಾಗಿ ಕೂತು ಕಣ್ಣು ಕಿರಿದು ಮಾಡಿ ತಂತಿ ಕೂಡಿಸುವ ಎಷ್ಟು ಹೆಂಗಸರಿಲ್ಲ? ಅವರು ಕೂಡಿಸುವುದು ಇನ್ನೊಬ್ಬರ ನಕ್ಷೆಯನ್ನು, ಇನ್ನೊಬ್ಬರ ಗಡಿಯಾರಕ್ಕೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ವಾದ್ಯವಾಗಿ ಶ್ರುತಿ-1 ಒಳ್ಳೆಯದು, ಅಪೂರ್ವವೇನಲ್ಲ. ಅದರ ಪರದೆ ಕಿರಿಕಿರಿ, ಅದರ ರಾಗಗಳು ಅಪೂರ್ಣ. ರಿಂಗ್ಸ್ ನಿಜಕ್ಕೂ ದೊಡ್ಡ ಕೆಲಸ. ಎಲ್ಲಕ್ಕೂ ಹೆಚ್ಚಿನದು, ತನ್ನ ಕೊರತೆಯನ್ನು ಬೇರೆಯವರು ತಿದ್ದಲಿ ಎಂದು ಮುಚ್ಚಳ ತೆರೆದಿಟ್ಟ ಆ ಔದಾರ್ಯ. ಮುಚ್ಚಿದ ವಾದ್ಯದ ತಪ್ಪನ್ನು ನಾವು ದೂರಬಹುದು, ಅಷ್ಟೆ. ತೆರೆದ ವಾದ್ಯದ ತಪ್ಪಿಗೆ ನಾವೂ ಬಾಧ್ಯರು. ದರ್ಬಾರಿಯ ಗಾಂಧಾರ ಎಲ್ಲಿ ನಿಲ್ಲಬೇಕು, ಹೇಗೆ ತೂಗಬೇಕು ಎಂಬುದು ಪ್ಯಾರಿಸ್ಸಿನಲ್ಲಿ ಕೂತವರಿಗಿಂತ ಧಾರವಾಡದ ಓಣಿಯಲ್ಲಿ ಕಲಿತವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೇಳದೆ ಕೂತರೆ ‘ಯಂತ್ರಕ್ಕೆ ರಾಗ ಬರುವುದಿಲ್ಲ’ ಎಂದು ಮೂಗು ಮುರಿಯುವ ಹಕ್ಕು ನಮಗೆಲ್ಲಿದೆ? ನಿಮ್ಮ ಮನೆಯಲ್ಲೂ ಬೆಸುಗೆಯ ಕಡ್ಡಿ ಹಿಡಿದ ಹುಡುಗಿಯೊಬ್ಬಳಿದ್ದರೆ ಮೇಜನ್ನು ಬೇಗ ಎತ್ತಿಡು ಎಂದು ಅವಸರಿಸಬೇಡಿ. ಊಟಕ್ಕೆ ಒಂದು ದಿನ ನೆಲದ ಮೇಲೆ ಕೂತರೂ ನಡೆಯುತ್ತದೆ.